ಕಾರಿನ ಧೂಳು

ಡಿಸೆಂಬರ್ 10 ಹತ್ತಿರ ಬಂತೆಂದರೆ ಶಾಲೆಗೊಂದು ಸುತ್ತೋಲೆ ಬರುವುದು ಖಾಯಂ. ಮಾನವ ಹಕ್ಕುಗಳ ದಿನ, ಪ್ರಾರ್ಥನೆಯ ಹೊತ್ತಿಗೆ ಪ್ರತಿಜ್ಞೆ ಹೇಳಿಸಿ ಎಂದು. ಸಮಾಜ ವಿಜ್ಞಾನದ ಟೀಚರ್ ನಾನಾದ್ದರಿಂದ ಆ ಕಾಗದ ನೇರ ನನ್ನ ಮೇಜಿಗೆ. ಮಕ್ಕಳು ಬಿಸಿಲಲ್ಲಿ ಕೈ ಚಾಚಿ ನಿಂತು ನಾನು ಹೇಳಿದ್ದನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಒಂದು ವರ್ಷ ಎಂಟನೇ ಕ್ಲಾಸಿನ ಒಬ್ಬಳು ಚಾಚಿದ ಕೈ ಇಳಿಸದೆಯೇ ಕೇಳಿಬಿಟ್ಟಳು: “ಟೀಚರ್, ಈ ಹಕ್ಕು ಕೊಡುವುದು ಯಾರು?”

ಹುಟ್ಟಿನಿಂದಲೇ ಬರುತ್ತದೆ ಎಂದೆ. ಪುಸ್ತಕದಲ್ಲಿ ಹಾಗೇ ಇದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಅವಳಮ್ಮ ಬೆಳಿಗ್ಗೆ ಐದಕ್ಕೇ ಪೊರಕೆ ಹಿಡಿದು ಬೀದಿಗಿಳಿಯುವವಳು. ನನಗಾದರೂ ಪೂರ್ತಿ ನಂಬಿಕೆ ಇತ್ತೇ? ನಾನು ಓದಿದ ಶಾಲೆಯಲ್ಲಿ ಮೂವರು ಮಕ್ಕಳು ಲೋಟ ಮುಟ್ಟುವಂತಿರಲಿಲ್ಲ. ಬೊಗಸೆಯೊಡ್ಡಿ ನಿಲ್ಲಬೇಕು, ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಅವರಲ್ಲೊಬ್ಬನ ಮೊಣಕೈಯಿಂದ ತೊಟ್ಟಿಕ್ಕುತ್ತಿದ್ದ ನೀರು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿಗೆ ಆಗಲೇ ಇಪ್ಪತ್ತು ವರ್ಷ ದಾಟಿತ್ತು.

ಮುಂದಿನ ಶನಿವಾರ ಮಕ್ಕಳನ್ನು ಮಂಗಳೂರಿನ ಬಾಬುಗುಡ್ಡೆಗೆ ಕರೆದುಕೊಂಡು ಹೋದೆ. ಅಲ್ಲಿ ಕುದ್ಮುಲ್ ರಂಗರಾಯರ ಸಮಾಧಿ ಇದೆ. ಪುರಭವನಕ್ಕೆ ಅವರ ಹೆಸರನ್ನೇ ಇಟ್ಟಿರುವುದರಿಂದ ನಮ್ಮ ಕಡೆಯ ಮಕ್ಕಳಿಗೆ ಹೆಸರೇನೋ ಗೊತ್ತು, ಮನುಷ್ಯ ಗೊತ್ತಿಲ್ಲ.

1859ರಲ್ಲಿ ಹುಟ್ಟಿದ ಈ ಸಾರಸ್ವತ ಬ್ರಾಹ್ಮಣ ವಕೀಲರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದರು. ಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆ ಮುಚ್ಚಿಸುವ ಒತ್ತಡವೂ ಬಂತು. ಒಂದು ಕಡೆ ಬಾಗಿಲು ಹಾಕಿದರೆ ಇನ್ನೊಂದು ಕಡೆ ತೆರೆದರು. ಬರೀ ಅಕ್ಷರದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು, ನೇಯ್ಗೆ, ಮರಗೆಲಸ ಕಲಿಸಿದರು. (ಅಕ್ಷರ ದಾಸೋಹದ ಸಾರು ಬಡಿಸುವಾಗ ನನಗೆ ಅವರ ನೆನಪಾಗುವುದು ಇದಕ್ಕೇ.) ಚಿಕ್ಕಂದಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿ ಮರುಮದುವೆ ಮಾಡಿದರು. ಆಕೆ ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತರು.

ಚಿಲಿಂಬಿಯ ಶಾಲೆ ತೆರೆದು 56 ವರ್ಷಗಳ ಮೇಲೆ, 1948ರಲ್ಲಿ, ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿತು. ಮೂವತ್ತು ವಿಧಿಗಳು, ಶಿಕ್ಷಣದ್ದು 26ನೆಯದು. ಒಂದನೇ ವಿಧಿಯ ಕರಡಿನಲ್ಲಿ ‘ಗಂಡಸರೆಲ್ಲ’ ಎಂದೂ ಓದಿಕೊಳ್ಳಬಹುದಾದ ಮಾತಿತ್ತು. ಅದು ‘ಮನುಷ್ಯರೆಲ್ಲ’ ಎಂದಾಗಲಿ ಎಂದು ಹಟ ಹಿಡಿದು ತಿದ್ದಿಸಿದವರು ನಮ್ಮ ಹಂಸಾ ಮೆಹ್ತಾ. ಆಕೆ ಮಕ್ಕಳ ಪುಸ್ತಕ ಬರೆದವರು, ಮುಂದೆ ಬರೋಡಾ ವಿಶ್ವವಿದ್ಯಾಲಯದ ಕುಲಪತಿಯಾದವರು. ತಿದ್ದುವ ಚಾಳಿ ಮೇಷ್ಟ್ರುಗಳನ್ನು ಎಲ್ಲಿ ಹೋದರೂ ಬಿಡುವುದಿಲ್ಲ! ಇದನ್ನು ಹೇಳಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು, ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರಂಗರಾಯರ ಆಸೆಯೊಂದನ್ನು ಸಮಾಧಿಯ ಮೇಲೆ ಬರೆಸಿದ್ದಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಸರ್ಕಾರಿ ಕೆಲಸಕ್ಕೆ ಸೇರಿ, ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ. ಮೂವತ್ತು ವರ್ಷ ಪಾಠ ಮಾಡಿದ ನಾನು ಶಿಷ್ಯರಿಂದ ಬಯಸಿದ್ದೆಲ್ಲ ನಮಸ್ಕಾರವನ್ನೇ. ಧೂಳು ಬೇಡುವ ಎದೆಗಾರಿಕೆ ನನಗೆ ಬಂದದ್ದಿಲ್ಲ.

“ಈಗ ಎಲ್ಲ ಕಾಂಕ್ರೀಟ್ ರೋಡು ಟೀಚರ್, ಧೂಳು ಎಲ್ಲಿಂದ ಬರಬೇಕು?” ಎಂದ ಒಬ್ಬ ಕಿಡಿಗೇಡಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹೊರಡುವಾಗ ಇನ್ನೊಂದು ಸಂಗತಿ ಹೇಳಿದ್ದೆ. 1928ರಲ್ಲಿ ರಾಯರು ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆಸಿದ್ದು ಊರಿನ ಕಸ, ಮಲ ಬಾಚುತ್ತಿದ್ದ ಸಮುದಾಯದವರು. ಬದುಕಿದ್ದಾಗಲೇ ರಾಯರು ಹಾಗೆ ಹೇಳಿಟ್ಟಿದ್ದರು.

ಬಸ್ಸಿನಲ್ಲಿ ಆ ಹುಡುಗಿ ನನ್ನ ಪಕ್ಕದ ಸೀಟಿಗೆ ಬಂದಳು. “ಕ್ರಿಯೆ ಮಾಡಿದ್ದು ಯಾರು ಅಂತ ಇನ್ನೊಮ್ಮೆ ಹೇಳಿ ಟೀಚರ್” ಎಂದಳು. “ಅಮ್ಮನಿಗೆ ಹೇಳಬೇಕು, ತಪ್ಪಾಗಬಾರದು.”