ಕಾರಿನ ಎಣ್ಣೆ ತೊಟ್ಟಿ: ಬಿಗಿತಕ್ಕೂ ಮಿತಿಯಿದೆ

ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿ ನಿಂತರೂ ಅದು ಇನ್ನೂ ಹಲವರ ಮನೆಯಂಗಳದಲ್ಲಿದೆ. ಎಂಜಿನ್ನಿನ ತಳದಲ್ಲಿರುವ ಎಣ್ಣೆ ತೊಟ್ಟಿಯ (ಗ್ಯಾರೇಜಿನವರ ಮಾತಿನಲ್ಲಿ ‘ಚೇಂಬರ್’) ಅಂಚಿನಿಂದ ಎಣ್ಣೆ ಜಿನುಗಿದರೆ ನೀವೇ ಅದನ್ನು ಬಿಚ್ಚಬಹುದು. ಆದರೆ ಕಾರಿನ ತೂಕ ಸುಮಾರು 650 ಕಿಲೋಗ್ರಾಂ ಎಂಬುದು ನೆನಪಿರಲಿ. ಹೈಡ್ರಾಲಿಕ್ ಜ್ಯಾಕ್ ಪಾಸ್ಕಲ್ ನಿಯಮದಂತೆ ಅದನ್ನು ಎತ್ತುತ್ತದೆ. ಒಳಗಿನ ಸೀಲು ಸೋರಿದರೆ ಒತ್ತಡ ಇಳಿದು ಕಾರೂ ಇಳಿಯುತ್ತದೆ. ಆದ್ದರಿಂದ ಗಟ್ಟಿ ನೆಲದಲ್ಲಿ ಚಕ್ರಗಳಿಗೆ ತಡೆ ಕೊಟ್ಟು, ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ ಕಾರಿನಡಿ ಹೋಗಬೇಡಿ.

ಎಂಜಿನ್ ಉಗುರುಬೆಚ್ಚಗಿರುವಾಗ ಎಣ್ಣೆ ಬಸಿಯಿರಿ. ಸ್ನಿಗ್ಧತೆ ತಗ್ಗಿರುವುದರಿಂದ ಬೇಗ ಇಳಿಯುತ್ತದೆ. ಬೋಲ್ಟು ಬಿಚ್ಚಿದ ಮೇಲೂ ತೊಟ್ಟಿ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟದೆ, ರಬ್ಬರ್ ಸುತ್ತಿಗೆಯಿಂದ ಬದಿಗೆ ತಟ್ಟಿ.

ಮರುಜೋಡಿಸುವಾಗ ಹಳೆಯ ಅಂಟನ್ನು ಪೂರ್ತಿ ತೆಗೆಯಿರಿ. ಈ ಸಣ್ಣ ಬೋಲ್ಟುಗಳಿಗೆ ಸುಮಾರು 10 ನ್ಯೂಟನ್-ಮೀಟರ್ ಟಾರ್ಕ್ ಸಾಕು. ಅಂದರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 50 ನ್ಯೂಟನ್; 5 ಕಿಲೋಗ್ರಾಂ ಅಕ್ಕಿ ಚೀಲ ಎತ್ತಲು ಬೇಕಾಗುವಷ್ಟೇ ಬಲ. ಹೆಚ್ಚು ಬಿಗಿದರೆ ಬೋಲ್ಟಿನ ಬಳಿ ತಗಡು ತಗ್ಗಿ, ಎರಡು ಬೋಲ್ಟುಗಳ ನಡುವೆ ಸಂದು ಬಿಟ್ಟು ಮತ್ತೆ ಸೋರುತ್ತದೆ!

ಬಳಸಿದ ಎಣ್ಣೆಯಲ್ಲಿ ಕ್ಯಾನ್ಸರ್‌ಕಾರಕಗಳಿರುತ್ತವೆ. ಕೈಗವಸು ಧರಿಸಿ. ಎಣ್ಣೆಯನ್ನು ಚರಂಡಿಗೆ ಸುರಿಯದೆ, ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಿ.