ಉಳಿದ ಎಳೆಯ ಲೆಕ್ಕ

ಕೌದಿಗಾಗಿ ಅಜ್ಜಿಯ ಹಳೆಯ ಸೀರೆಯನ್ನು ನಾವು ಚಕ್ರದಂಥ ಅಲಗಿರುವ ರೋಟರಿ ಕಟರಿನಿಂದ ಕತ್ತರಿಸುತ್ತೇವೆ. ಜಪಾನಿನ ಓಲ್ಫಾ ಕಂಪನಿ ಇದನ್ನು 1979ರಲ್ಲಿ ಹೊರತಂದಿತು. ಕೆಲವೊಮ್ಮೆ ನಡುನಡುವೆ ಎಳೆಗಳು ತುಂಡಾಗದೆ ಉಳಿಯುತ್ತವೆ. ಆಗ ಜೋರಾಗಿ ಒತ್ತಬಾರದು. ಅಲಗು ಜಾರಿದರೆ ಬೆರಳಿಗೆ ಗಾಯ, ಸೀರೆಯೂ ಹಾಳು. ಮೊದಲು ಅಳೆದು ನೋಡೋಣ.

ಅಲಗಿನ ವ್ಯಾಸ 45 ಮಿ.ಮೀ. ಇದ್ದರೆ ಪರಿಧಿ 45 × 22/7, ಅಂದರೆ ಸುಮಾರು 14 ಸೆಂ.ಮೀ. ಪ್ರತಿ 14 ಸೆಂ.ಮೀ.ಗೊಮ್ಮೆ ಎಳೆ ಉಳಿದರೆ ಅಲಗು ಒಂದು ಕಡೆ ಮುಕ್ಕಾಗಿದೆ, ಬದಲಿಸಬೇಕು. ಬಟ್ಟೆ ಬದಲಿಸಿದರೂ ಕೆಳಗಿನ ಮ್ಯಾಟಿನ ಒಂದೇ ಜಾಗದಲ್ಲಿ ಉಳಿದರೆ ಅಲ್ಲಿ ಗೀರು ಬಿದ್ದಿದೆ. ಚಕ್ರ ತಿರುಗದಿದ್ದರೆ ನೂಲಿನ ಧೂಳು ಒರೆಸಿ ತಿರುಪನ್ನು ತುಸು ಸಡಿಲಿಸಬೇಕು. ಉದ್ದಕ್ಕೂ ಉಳಿದರೆ ಅಲಗು ಮೊಂಡಾಗಿದೆ.

ಕೆಲಸ ಮುಗಿದೊಡನೆ ಅಲಗನ್ನು ಮುಚ್ಚಿಡೋಣ. ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ.