ಡೈಪರ್ ಹುಣ್ಣು, ಅಂಗಡಿಯ ಬಿಲ್ಲು

ಕೂಸಿನ ತೊಡೆಸಂದಿ ಸುಟ್ಟ ಹಾಗೆ ಕೆಂಪಾಗಿದೆ, ಮುಟ್ಟಿದರೆ ಚೀರುತ್ತದೆ. ತಾಯಿ ಅರ್ಧ ಉಳಿದ ಡೈಪರ್ ಪ್ಯಾಕೆಟ್ ಹಿಡಿದು ಅಂಗಡಿಗೆ ಹೋದರೆ, “ನಿಮ್ಮ ಕೂಸಿನ ಚರ್ಮಾನೇ ನಾಜೂಕ ಐತ್ರಿ, ಬ್ಯಾರೆ ಯಾರಿಗೂ ಹಿಂಗಾಗಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಗೆ ಬಂದರೆ, “ಹಳೇ ಪಂಚಿ ಕಟ್ಟು ಅಂದ್ರ ಕೇಳ್ಲಿಲ್ಲ” ಎಂಬ ಮಾತು. ತಪ್ಪು ಎಲ್ಲಿಂದ ಹೊರಟರೂ ಬಂದು ಕೂರುವುದು ತಾಯಿಯ ತಲೆಯ ಮೇಲೆ. ಈ ಅಧ್ಯಾಯ ಅವಳ ಪರವಾಗಿದೆ. ಗಾಯ ಎಲ್ಲಿಂದ ಬಂತೆಂಬುದನ್ನು ಬಹಳಮಟ್ಟಿಗೆ ಚರ್ಮವೇ ಹೇಳುತ್ತದೆ. ಅಂಗಡಿಯವರ ಹೊಣೆ ಎಷ್ಟೆಂಬುದನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಎರಡನ್ನೂ ಓದಲು ಕಲಿತರೆ ಸಾಕು.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಹೋಗುವವಳು, ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಮಾಡುವವಳು, ಕುರುಗೋಡಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳು ಕೂಸನ್ನು ಅಜ್ಜಿಯ ಬಳಿಯೋ ಪಂಚಾಯಿತಿಯ ಕೂಸಿನ ಮನೆಯಲ್ಲೋ ಬಿಟ್ಟು ಹೋಗಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟವರ ಪಾಡೂ ಅದೇ. ಡೈಪರ್ ಅವರಿಗೆ ಷೋಕಿಯಲ್ಲ. ಹೀರುವ ಪದರ ಚೆನ್ನಾಗಿದ್ದರೆ ಅದು ನೆನೆದ ಬಟ್ಟೆಗಿಂತ ಚರ್ಮವನ್ನು ಒಣಗಿಡುತ್ತದೆ ಎಂಬುದೂ ನಿಜ. ಆದರೆ ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ ಹೊರಹಾಳೆಯೊಳಗೆ ಬೆವರೂ ಮೂತ್ರದ ಜೊತೆ ಸೇರುತ್ತದೆ. ತಂಪು ಊರಿನಲ್ಲಿ ನಾಲ್ಕು ತಾಸು ತಡೆಯುವ ಚರ್ಮ ಇಲ್ಲಿ ಅಷ್ಟು ಹೊತ್ತು ತಡೆಯುತ್ತದೆಂದು ನೆಚ್ಚಿಕೊಳ್ಳಬಾರದು.

ಚರ್ಮ ಕೆಡುವ ಬಗೆ ಹೀಗೆ. ಹುಟ್ಟಿದ ಕೆಲವು ವಾರಗಳಲ್ಲಿ ಮಗುವಿನ ಚರ್ಮದ ಮೇಲೆ ತೆಳುವಾದ ಆಮ್ಲೀಯ ಪದರ ಕಟ್ಟಿಕೊಳ್ಳುತ್ತದೆ. ಅದೇ ಅದರ ಕಾವಲು. ಸದಾ ತೇವದಲ್ಲಿದ್ದರೆ ಮೇಲ್ಚರ್ಮ ನೆನೆದು ಮೆತ್ತಗಾಗಿ, ಸಣ್ಣ ಉಜ್ಜುವಿಕೆಗೂ ಸುಲಿಯುತ್ತದೆ. ಮಲದ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಈ ಅಮೋನಿಯಾವೇ ಚರ್ಮವನ್ನು ಸುಡುತ್ತದೆಂದು ವೈದ್ಯರು ಬಹುಕಾಲ ನಂಬಿದ್ದರು. 1980ರ ದಶಕದ ಸಂಶೋಧನೆ ಆ ನಂಬಿಕೆಯನ್ನು ತಿದ್ದಿತು. ಅಮೋನಿಯಾ ಮಾಡುವುದು ಆಮ್ಲೀಯತೆಯನ್ನು ಇಳಿಸುವ ಕೆಲಸ. ಆಮ್ಲೀಯತೆ ಇಳಿದ ಕೂಡಲೇ ಮಲದಲ್ಲಿರುವ, ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕಾಗಿ ಚರ್ಮವನ್ನೇ ತಿನ್ನತೊಡಗುತ್ತವೆ. ಭೇದಿಯಾದಾಗ ಒಂದೇ ರಾತ್ರಿಯಲ್ಲಿ ಹುಣ್ಣಾಗುವುದು ಇದರಿಂದಲೇ.

ಈಗ ಗಾಯವನ್ನು ಬೆಳಕಿನಲ್ಲಿ ನೋಡಿ, ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ. ಪೃಷ್ಠದ ಉಬ್ಬು, ಹೊಟ್ಟೆಯ ಕೆಳಭಾಗ, ತೊಡೆಯ ಒಳಮೈ ಕೆಂಪಾಗಿದ್ದು, ತೊಡೆಸಂದಿಯ ಮಡಿಕೆಯ ತಳ ಮಾತ್ರ ಸ್ವಚ್ಛವಾಗಿದ್ದರೆ ಅದು ಹೆಚ್ಚಾಗಿ ತೇವ ಮತ್ತು ಉಜ್ಜುವಿಕೆಯ ಗಾಯ. ಮಡಿಕೆಯೊಳಗೇ ಕಡುಗೆಂಪು ತುಂಬಿ, ಅಂಚಿನಾಚೆ ಚುಕ್ಕಿಚುಕ್ಕಿ ಗುಳ್ಳೆಗಳು ಹರಡಿದ್ದರೆ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಇರಬಹುದು. ಸೊಂಟದ ಎರಡೂ ಪಕ್ಕ, ಪೃಷ್ಠದ ಹೊರಬದಿ, ತೊಡೆಯ ಸುತ್ತ ಎಲಾಸ್ಟಿಕ್ ತಾಗುವ ಕಡೆ ಮಾತ್ರ ಕೆಂಪು ಪಟ್ಟಿ ಎದ್ದಿದ್ದರೆ ಅನುಮಾನ ಡೈಪರಿನ ವಸ್ತುವಿನ ಕಡೆಗೇ ಹೋಗಬೇಕು. 1998ರಲ್ಲಿ ಫ್ರಾನ್ಸಿನ ವೈದ್ಯರು ಈ ಬಗೆಯ ಅಲರ್ಜಿಯನ್ನು ವರದಿ ಮಾಡಿ, ಕೌಬಾಯ್ ಪಿಸ್ತೂಲು ಚೀಲ ಕಟ್ಟುವ ಜಾಗದಲ್ಲೇ ಗಾಯ ಕಾಣುತ್ತದೆಂದು ‘ಲಕ್ಕಿ ಲ್ಯೂಕ್’ ಎಂಬ ಕಾಮಿಕ್ ನಾಯಕನ ಹೆಸರನ್ನು ಅದಕ್ಕೆ ಕೊಟ್ಟರು. ಕಾರಣ, ರಬ್ಬರಿನಲ್ಲಿ ಬೆರೆಸುವ ರಾಸಾಯನಿಕಗಳು. ಡೈಪರಿನ ಬಣ್ಣದ ಚಿತ್ರಗಳ ಡೈಗೂ ಕೆಲವು ಮಕ್ಕಳಿಗೆ ಅಲರ್ಜಿಯಾದದ್ದುಂಟು.

ಬಿಚ್ಚಿದ ಡೈಪರನ್ನೂ ಹಾಗೇ ನೋಡಿ. ಕೂಸಿನ ಮೈಗೆ ನೆನೆಸಿದ ಸಾಬುದಾನಿಯಂಥ ಅಂಟು ಹರಳುಗಳು ಮೆತ್ತಿಕೊಂಡಿವೆಯೇ? ಅದು ಸೋಡಿಯಂ ಪಾಲಿಅಕ್ರಿಲೇಟ್, ಮೂತ್ರ ಹೀರಿಕೊಳ್ಳುವ ಪುಡಿ. ಅದೇ ವಿಷವೆಂದು ಗಾಬರಿಯಾಗಬೇಕಿಲ್ಲ, ನೀರಲ್ಲಿ ಒರೆಸಿ ತೆಗೆಯಿರಿ. ಆದರೆ ಒಳಗಿರಬೇಕಾದದ್ದು ಹೊರಬಂದಿದೆ ಎಂದರೆ ಮೇಲಿನ ಹಾಳೆ ಹರಿದಿದೆ ಅಥವಾ ಅಂಟು ಬಿಟ್ಟಿದೆ. ಫೋಟೊ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ: ಗಾಯದ್ದು, ಡೈಪರಿನದು, ಪ್ಯಾಕೆಟ್ಟಿನ ಹಿಂಬದಿಯದು. ಕೂಸಿನ ಮುಖ ಬೀಳದಂತೆ ತೆಗೆಯಿರಿ, ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ.

ಆರೈಕೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಡೈಪರ್ ನಿಲ್ಲಿಸಿ, ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಗಾಳಿಗೆ ಬಿಟ್ಟು, ಜಿಂಕ್ ಆಕ್ಸೈಡ್ ಮುಲಾಮನ್ನು ದಪ್ಪಗೆ ಹಚ್ಚಿದರೆ ಸಾಮಾನ್ಯ ಕೆಂಪು ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಪೌಡರ್ ಬೇಡ, ಅದು ಕೂಸಿನ ಉಸಿರಿಗೆ ಹೋಗುತ್ತದೆ. ಮೆಡಿಕಲ್ ಶಾಪಿನವರು ಕೊಡುವ, ಸ್ಟೆರಾಯ್ಡ್ ಬೆರೆತ ‘ಎಲ್ಲದಕ್ಕೂ ಒಂದೇ’ ಟ್ಯೂಬ್ ಖಂಡಿತ ಬೇಡ. ಡೈಪರಿನಡಿ ಮುಚ್ಚಿದ ಚರ್ಮ ಸ್ಟೆರಾಯ್ಡನ್ನು ಹೆಚ್ಚು ಎಳೆದುಕೊಂಡು ತೆಳ್ಳಗಾಗುತ್ತದೆ. ಗುಳ್ಳೆ ಒಡೆದು ರಸ ಸೋರಿದರೆ, ಕೊರೆದಂಥ ಹುಣ್ಣಾದರೆ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಊರಿನ ಸರ್ಕಾರಿ ಆಸ್ಪತ್ರೆಯಾಗಲಿ, ಮೊದಲು ವಿಮ್ಸ್ ಎಂದು ಹೆಸರಾಗಿದ್ದ ಬಳ್ಳಾರಿಯ ವೈದ್ಯಕೀಯ ಕಾಲೇಜಾಗಲಿ, ವೈದ್ಯರಲ್ಲಿ ಒಂದು ಮಾತು ಕೇಳಿಕೊಳ್ಳಿ: ಗಾಯ ಎಲ್ಲೆಲ್ಲಿದೆ, ಮಡಿಕೆ ಬಿಟ್ಟಿದೆಯೋ ಇಲ್ಲವೋ, ಎಷ್ಟು ದಿನದ್ದು ಎಂದು ಓಪಿ ಚೀಟಿಯಲ್ಲಿ ಬರೆಯಿರಿ ಎಂದು. ಬರೀ ಮುಲಾಮಿನ ಹೆಸರಿದ್ದರೆ ಆ ಚೀಟಿ ಮುಂದೆ ಏನನ್ನೂ ಸಾಬೀತು ಮಾಡುವುದಿಲ್ಲ.

ಇನ್ನು ಅಂಗಡಿಯ ವಿಚಾರ. ಹಳ್ಳಿ ಅಂಗಡಿಗಳಲ್ಲಿ ಡೈಪರನ್ನು ಬಿಡಿಬಿಡಿಯಾಗಿಯೂ ಮಾರುತ್ತಾರೆ. ದೊಡ್ಡ ಪ್ಯಾಕೆಟ್ ಒಡೆದು, ಒಂದೋ ಎರಡೋ ತೆಗೆದು, ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಡುತ್ತಾರೆ. ದಿನಗೂಲಿಯ ಮನೆಗೆ ಅದೇ ಕೈಗೆಟುಕುವುದು. ಆದರೆ ಪೊಟ್ಟಣ ಸರಕಿನ ನಿಯಮಗಳ ಪ್ರಕಾರ ಪ್ಯಾಕೆಟ್ಟಿನ ಮೇಲೆ ಇರಲೇಬೇಕಾದ ತಯಾರಕರ ಹೆಸರು–ವಿಳಾಸ, ತಯಾರಾದ ತಿಂಗಳು, ಗರಿಷ್ಠ ಬೆಲೆ, ದೂರಿನ ದೂರವಾಣಿ ಸಂಖ್ಯೆ ಎಲ್ಲವೂ ಅಂಗಡಿಯ ಕಸದ ಬುಟ್ಟಿಗೆ ಹೋಗಿರುತ್ತವೆ. ಇಂಥ ಗ್ರಾಹಕರಿಗೇ ಕಾನೂನು ಬಲವಾದ ಆಸರೆ ಕೊಟ್ಟಿದೆ. 2019ರ ಕಾಯ್ದೆಯ 86ನೇ ಕಲಮಿನಂತೆ, ತಯಾರಕರು ಯಾರೆಂದು ಗೊತ್ತಾಗದಿದ್ದರೆ, ಅಥವಾ ಗೊತ್ತಿದ್ದರೂ ಅವರಿಗೆ ನೋಟಿಸ್ ಮುಟ್ಟಿಸಲಾಗದಿದ್ದರೆ, ಆ ಸರಕಿನಿಂದಾದ ಹಾನಿಗೆ ಮಾರಿದವರೇ ಹೊಣೆ. ಸರಕನ್ನು ಎಚ್ಚರದಿಂದ ಪರಿಶೀಲಿಸಿ ಇಟ್ಟುಕೊಳ್ಳದೆ ಅದರಿಂದ ಹಾನಿಯಾದರೂ, ತಯಾರಕರು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕರಿಗೆ ದಾಟಿಸದಿದ್ದರೂ ಹೊಣೆ ಮಾರಿದವರದೇ. ಪ್ಯಾಕೆಟ್ ಒಡೆದು ಬಿಡಿಯಾಗಿ ಮಾರುವವರು ತಯಾರಕರ ಹೊಣೆಯನ್ನೂ ತಮ್ಮ ಹೆಗಲಿಗೇ ಎಳೆದುಕೊಂಡಿರುತ್ತಾರೆ ಎಂದೇ ನಾನು ಇದನ್ನು ಓದುತ್ತೇನೆ. ಸಣ್ಣ ಅಂಗಡಿಯವರ ಮೇಲೆ ಹಗೆ ಸಾಧಿಸಲು ಈ ಮಾತಲ್ಲ. ಅವರೂ ಗೊತ್ತಿಲ್ಲದೆ ಸಿಕ್ಕಿಬೀಳಬಾರದು.

ಬಿಲ್ ಕೊಡದಿರುವುದು ಇದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅಷ್ಟೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂಬ ಬೋರ್ಡು ದೋಷದ ಮಾಲಿಗೆ ಅನ್ವಯಿಸುವುದಿಲ್ಲ.

ಪ್ಯಾಕೆಟ್ಟಿನ ಮೇಲೆ ಬ್ಯಾಚ್ ಸಂಖ್ಯೆ ಇದ್ದರೆ ಅದರ ಬೆಲೆಯನ್ನು ಬಳ್ಳಾರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ನವೆಂಬರಿನಲ್ಲಿ ಇಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಹೋದಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಬಾಟಲಿಗಳ ಬ್ಯಾಚ್ ಹಿಡಿದು ತನಿಖೆ ನಡೆಯಿತು. ಆ ದುರಂತಕ್ಕೂ ಡೈಪರ್ ಗಾಯಕ್ಕೂ ಹೋಲಿಕೆಯಿಲ್ಲ. ಆದರೆ ಯಾವ ಬ್ಯಾಚಿನ ಸರಕು ಎಂದು ಗೊತ್ತಾಗದೆ ಯಾವ ತನಿಖೆಯೂ ಮುಂದೆ ಹೋಗುವುದಿಲ್ಲ. ಡೈಪರಿಗೆ ಐಎಸ್ 17509 ಎಂಬ ಭಾರತೀಯ ಮಾನಕ 2021ರಲ್ಲಿ ಬಂದಿದೆ. ಕೊಳ್ಳುವಾಗ ಐಎಸ್‌ಐ ಗುರುತು ಇದೆಯೇ ನೋಡಿ.

ಅಂಗಡಿಯವರಿಗೆ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಕೊಡಿ. ಉದ್ದ ಬೇಡ:

“ಇಂಥ ದಿನಾಂಕ ನಿಮ್ಮ ಅಂಗಡಿಯಿಂದ ಈ ಹೆಸರಿನ, ಈ ಬ್ಯಾಚಿನ ಡೈಪರ್ ಕೊಂಡಿದ್ದೇನೆ. ಬಿಲ್ಲಿನ ನಕಲು ಲಗತ್ತಿಸಿದೆ. ಇಂಥ ದಿನ ತೊಡಿಸಿ ಇಷ್ಟು ತಾಸಿಗೆ ಬಿಚ್ಚಿದಾಗ ಮಗುವಿನ ಸೊಂಟದ ಎರಡೂ ಪಕ್ಕ ಗಾಯವಾಗಿತ್ತು. ವೈದ್ಯರ ಚೀಟಿಯ ನಕಲು ಮತ್ತು ಫೋಟೊ ಇವೆ. ಉಳಿದ ಡೈಪರುಗಳು ನನ್ನ ಬಳಿ ಇವೆ. ಇದೇ ಬ್ಯಾಚಿನ ಮಾಲು ಮಾರುವುದನ್ನು ನಿಲ್ಲಿಸಿ, ತಯಾರಕರಿಗೆ ತಿಳಿಸಿ, ಚಿಕಿತ್ಸೆಯ ವೆಚ್ಚ ಭರಿಸಬೇಕೆಂದು ಕೋರುತ್ತೇನೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ.”

ಇದರ ಒಂದು ಪ್ರತಿಗೆ ಅಂಗಡಿಯವರ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಯಾರಕರಿಗೂ ಒಂದು ಪ್ರತಿ ಹಾಕಿ. ಎಷ್ಟು ತಾಸು ತೊಡಿಸಿದ್ದಿರಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಸರಕನ್ನು ತಪ್ಪಾಗಿ ಬಳಸಿದ್ದರೆ ಮಾರಿದವರ ಮೇಲೆ ದಾವೆ ನಿಲ್ಲುವುದಿಲ್ಲವೆಂದು 87ನೇ ಕಲಮು ಹೇಳುತ್ತದೆ. ಎದುರಿನವರು ಮೊದಲು ಕೆದಕುವುದು ಅದನ್ನೇ. ಅಂಗಡಿಯವರು ಬೇರೆ ಪ್ಯಾಕೆಟ್ ಕೊಡುತ್ತೇವೆಂದರೆ ತೆಗೆದುಕೊಳ್ಳಬಹುದು, ಆದರೆ ಹಳೆಯ ಪ್ಯಾಕೆಟ್ಟನ್ನು ಪೂರ್ತಿ ಒಪ್ಪಿಸಿ ಬರಬೇಡಿ.

ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಬಳ್ಳಾರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಡೈಪರ್ ಎಲ್ಲೇ ತಯಾರಾಗಿರಲಿ, ಆನ್‌ಲೈನಿನಲ್ಲೇ ಕೊಂಡಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಟ್ಟರಾಯಿತು. ಮಗುವಿನ ಪರವಾಗಿ ತಂದೆ ಅಥವಾ ತಾಯಿ ಕೊಡಬಹುದು. ಸಿರುಗುಪ್ಪದಿಂದ ಬಳ್ಳಾರಿಗೆ ಕೂಸನ್ನು ಹೊತ್ತು ಅಲೆಯುವುದು ಕಷ್ಟ, ಒಂದು ದಿನದ ಕೂಲಿಯೂ ಹೋಗುತ್ತದೆ. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಲು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಲು ಕೋರಲು ಕಾಯ್ದೆಯಲ್ಲಿ ಅವಕಾಶವಿದೆ.

ದೂರು ಕೊಟ್ಟ ಮಾತ್ರಕ್ಕೆ ಗೆಲುವು ಎಂದಲ್ಲ. 2010ರಲ್ಲಿ ಅಮೆರಿಕದಲ್ಲಿ ಪ್ಯಾಂಪರ್ಸ್‌ನ ‘ಡ್ರೈ ಮ್ಯಾಕ್ಸ್’ ಎಂಬ ಹೊಸ ಡೈಪರಿನಿಂದ ಮಕ್ಕಳ ಚರ್ಮ ಸುಟ್ಟಂತಾಯಿತೆಂದು ಏಪ್ರಿಲಿನಿಂದ ಆಗಸ್ಟಿನೊಳಗೆ ಸುಮಾರು 4,700 ದೂರುಗಳು ಸರ್ಕಾರದ ಸುರಕ್ಷತಾ ಆಯೋಗಕ್ಕೆ ಬಂದವು. ಆಯೋಗ ತಜ್ಞರಿಂದ ಪರಿಶೀಲನೆ ಮಾಡಿಸಿ, ಡೈಪರಿಗೂ ಗಾಯಕ್ಕೂ ನಿರ್ದಿಷ್ಟ ಸಂಬಂಧ ಕಂಡುಬಂದಿಲ್ಲ ಎಂದಿತು. ಡೈಪರ್ ಗಾಯಕ್ಕೆ ಕಾರಣಗಳು ಹಲವಾದ್ದರಿಂದ ಸರಕಿನ ದೋಷವನ್ನು ಬೇರ್ಪಡಿಸಿ ತೋರಿಸುವುದು ಕಷ್ಟ. ಅದಕ್ಕೇ ಬಳಸದ ಮೂರ್ನಾಲ್ಕು ಡೈಪರುಗಳನ್ನು ಅದೇ ಪ್ಯಾಕೆಟ್ಟಿನಲ್ಲಿ ಮುಚ್ಚಿ, ಒಣ ಜಾಗದಲ್ಲಿ ಎತ್ತಿಡಬೇಕು. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದ ಸರಕಾದರೆ ಆಯೋಗವೇ ದೂರುದಾರರಿಂದ ಮಾದರಿ ಪಡೆದು, ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆಯ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು, ಇದು ಬಡವರಿಗೆ ಭಾರವೇ ಸರಿ. ಹಾಗೆಂದು ಗಾಯ ಮಾಗಿದ ಮೇಲೆ, ನಿಜವಾಗಿ ಇದರಿಂದಲೇ ಆದದ್ದೇ ನೋಡೋಣ ಎಂದು ಅದೇ ಪ್ಯಾಕೆಟ್ಟಿನ ಡೈಪರನ್ನು ಕೂಸಿಗೆ ಮತ್ತೊಮ್ಮೆ ತೊಡಿಸಬೇಡಿ. ಆ ಪರೀಕ್ಷೆ ಪ್ರಯೋಗಾಲಯದ ಕೆಲಸ.